ಹಸಿದ ದನಕ್ಕೆ ಅನ್ನ

ಹಸಿದ ದನಕ್ಕೆ ಅನ್ನ ಹಾಕಬಾರದು. ಬೆಲ್ಲ ಹಾಕಬಾರದು. ಹಾಕಿದರೆ ದನ ಸಾಯುತ್ತದೆ.

ಈ ಮಾತನ್ನು ಬಂಗಾರೆವ್ವ ಮೂರು ಸಲ ಹೇಳಿದಳು. ಮೊದಲನೆಯ ಸಲ ಧಣಿ ಜಗನ್ನಾಥ ನಕ್ಕ. ಎರಡನೆಯ ಸಲ ಅವನ ಹೆಂಡತಿ ನಿರುಪಮಾ ಫೋನಿನಿಂದ ಕಣ್ಣೆತ್ತದೆ 'ಆಯ್ತು, ನೋಡೋಣ' ಅಂದಳು. ಮೂರನೆಯ ಸಲ ಹೇಳುವ ಹೊತ್ತಿಗೆ ಹುಲ್ಲಿನ ಶೆಡ್ಡಿಗೆ ಬೀಗ ಬಿದ್ದಿತ್ತು. ಬೀಗದ ಕೈ ಜಗನ್ನಾಥನ ಜೇಬಿನಲ್ಲಿತ್ತು.

ಪಂಚಾಂಗದ ಬಲಿಪಾಡ್ಯಮಿ ವಾರದ ನಡುವೆ ಬಂದು ಹೋಗಿತ್ತು. ಅಮೆರಿಕದಲ್ಲಿ ಹಬ್ಬ ಬರುವುದು ಭಾನುವಾರಕ್ಕೆ. ಮರುದಿನ ಭಾನುವಾರ. ಡಬ್ಲಿನ್, ರೆಡ್‌ವುಡ್ ಸಿಟಿ, ಲಾಸ್ ಗ್ಯಾಟೋಸ್ ಎಂಬ ಸುತ್ತಲಿನ ಊರುಗಳಿಂದ ಇನ್ನೂರು ಜನ ಗೋಪೂಜೆಗೆಂದು ಈ ಗುಡ್ಡಕ್ಕೆ ಬರುವವರಿದ್ದರು.

"ಹೋದ ವರ್ಷ ಏನಾಯ್ತು ನೆನಪಿದೆಯಾ ಬಂಗಾರೆವ್ವ? ಹೊಟ್ಟೆ ತುಂಬಿದ್ದ ಹಸುಗಳು ಒಂದು ಬಾಳೆಹಣ್ಣು ಮೂಸಿ ನೋಡ್ಲಿಲ್ಲ. ಎಲ್ಲರೂ ಡಿಸಪಾಯಿಂಟು. ಒಂದೇ ಒಂದು ದಿನ ಹುಲ್ಲು ಬೇಡ. ನಾಳೆ ಚೆನ್ನಾಗಿ ತಿಂತವೆ, ಫೋಟೋನೂ ಚೆನ್ನಾಗಿ ಬರತ್ತೆ," ಎಂದ ಜಗನ್ನಾಥ.

"ಸಾಹೇಬ್ರ, ಇವು ಒಣಾ ಹುಲ್ಲು ತಿನ್ನೂ ದನ. ಹಸಕೊಂಡಾಗ ಅನ್ನ ಕಂಡ್ರ ಬಾಯಿ ಎತ್ತೂದಿಲ್ಲ. ಒಳಗ ಹುಳಿ ಏಳತೈತಿ. ಹೊಟ್ಟಿ ಡೊಳ್ಳಿನಂಗ ಉಬ್ಬತೈತಿ."

"ನಮ್ಮಜ್ಜಿ ದಿನಾ ಗೋಗ್ರಾಸ ಹಾಕ್ತಿದ್ರು. ಒಂದು ಹಸುನೂ ಸತ್ತಿಲ್ಲ."

"ನಿಮ್ಮಜ್ಜಿ ಒಂದು ತುತ್ತು ಹಾಕ್ತಿದ್ರು. ನಾಳೆ ಇನ್ನೂರು ಮಂದಿ ಇನ್ನೂರು ತುತ್ತು ಹಾಕ್ತಾರ್ರೀ."

ಜಗನ್ನಾಥ ಮತ್ತೆ ನಕ್ಕ. ಕಾರು ಹತ್ತಿದ. ಡಬ್ಲಿನ್ನಿನ ಹೊಸ ಮನೆಗಳ ಸಾಲು ಅಲ್ಲಿಂದ ಹತ್ತು ನಿಮಿಷದ ದಾರಿ. ಅವನ ಮನೆ ಆ ಸಾಲಿನ ಕೊನೆಯದು.

ಬಂಗಾರೆವ್ವ ಬೇಲಿಗೆ ಒರಗಿ ನಿಂತಳು. ಬೇಲಿಯಾಚೆ ಐದು ದನ. ಮಂದೆಯ ನಲವತ್ತರಲ್ಲಿ ಸಾಧುವಾದ ಐದನ್ನು ಪೂಜೆಗೆಂದು ಬೇರೆ ಕೂಡಿಹಾಕಿದ್ದರು. ಹಾಲು ಕುಡಿಯುವ ಕರುಗಳನ್ನು ಇನ್ನೊಂದು ದೊಡ್ಡಿಗೆ ತಳ್ಳಿದ್ದರು. ತಾಯಿ ಇತ್ತ, ಕರು ಅತ್ತ. ಕೂಗೋ ಕೂಗು. ಬಂಗಾರೆವ್ವ ಹೊಲದಂಚಿನಲ್ಲಿ ಕೈಗೆ ಸಿಕ್ಕ ಒಣಹುಲ್ಲು ಕಿತ್ತು ತಂದು ಹಾಕಿದಳು. ಬೆರಳು ಕೊಯ್ದು ರಕ್ತ ಬಂತು. ಐದು ದನಕ್ಕೆ ಅದು ಒಂದೊಂದು ತುತ್ತಿಗೂ ಸಾಲಲಿಲ್ಲ.

ಸವಣೂರು ಸೀಮೆಯ ಮಾದರ ಕೇರಿಯ ಹೆಂಗಸು ಈ ಗುಡ್ಡಕ್ಕೆ ಹೇಗೆ ಬಂದಳು ಅಂದರೆ, ಹೇಲು ಬಳಿಯಲು ಬಂದಳು. ಜಗನ್ನಾಥನ ತಾಯಿಗೆ ಲಕ್ವಾ ಹೊಡೆದಿತ್ತು. ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದವಳನ್ನು ವೀಸಾ ಮಾಡಿಸಿ ಕರೆಸಿಕೊಂಡರು. ಮೂರು ವರ್ಷ ಮುದುಕಿಯನ್ನು ಮಗ್ಗುಲು ಹೊರಳಿಸಿದಳು, ಒರೆಸಿದಳು, ಬಾಯಿಗೆ ಗಂಜಿ ಹುಯ್ದಳು. ಮುದುಕಿ ಸತ್ತಳು. ತಿರುಗಿ ಹೋಗುವ ಟಿಕೀಟು ಬರಲಿಲ್ಲ. ಪಾಸ್‌ಪೋರ್ಟು ಜಗನ್ನಾಥನ ಲಾಕರಿನಲ್ಲಿತ್ತು. ಅಷ್ಟರಲ್ಲಿ ಅವನು ಗುಡ್ಡ ಕೊಂಡಿದ್ದ.

ಗುಡ್ಡದ ಬಾಗಿಲಿಗೆ 'ಗೋಕುಲ' ಎಂದು ಬೋರ್ಡು. ಒಳಗೆ ನಲವತ್ತು ಕಪ್ಪು ದನ. ಹಾಲು ಕರೆಯುವ ದನ ಅಲ್ಲ, ಕೊಯ್ಯುವ ದನ. ಮಾಂಸಕ್ಕೆಂದೇ ಬೆಳೆಸುವ ತಳಿ. ದನ ಸಾಕಿ ಮಾರಿದರೆ ಮಾತ್ರ ಆ ನೆಲಕ್ಕೆ ಬೇಸಾಯದ ಕಡಿಮೆ ತೆರಿಗೆ. ಹಾಗಾಗಿ ಪ್ರತಿ ಜೂನಿನಲ್ಲಿ ಕರುಗಳು ಲಾರಿ ಹತ್ತುತ್ತಿದ್ದವು. ಪೂಜೆಗೆ ಬರುವ ಜನಕ್ಕೆ ಮಾತ್ರ, 'ಕರುಗಳನ್ನ ಇನ್ನೂ ದೊಡ್ಡ ಗುಡ್ಡಕ್ಕೆ ಶಿಫ್ಟ್ ಮಾಡ್ತೀವಿ' ಎಂಬ ಮಾತು.

ಲಾರಿಯವನು ದಾವೂದ್, ಗದಗಿನವನು. ಮೊದಲ ಜೂನಿನಲ್ಲಿ ಬಂಗಾರೆವ್ವ ಅವನನ್ನು ಕೇಳಿದ್ದಳು, "ಇವನ್ನೆಲ್ಲ ಎಲ್ಲಿಗೆ ಒಯ್ತಿ ತಮ್ಮಾ?"

"ಮೊದ್ಲ ಕೊಬ್ಬಸಾಕ, ಆಮ್ಯಾಲ ಕೊಯ್ಯಾಕ ಅಕ್ಕಾ. ನಮ್ಮೂರಾಗ ಒಂದು ಮುದಿ ಎತ್ತು ಗಾಡಿಗೆ ಹೇರಿದ್ದಕ್ಕ ನಮ್ಮಣ್ಣನ ಕಾಲು ಮುರದ್ರು. ಇಲ್ಲಿ ನೋಡು, ಸಾಹೇಬ್ರ ಸ್ವಂತ ಸಹಿ ಹಾಕಿ, ಥ್ಯಾಂಕ್ಯೂ ಅಂದು ಕಳಸ್ತಾರ."

ಅಂದಿನಿಂದ ಬಂಗಾರೆವ್ವ ಯಾವ ದನಕ್ಕೂ ಹೆಸರಿಡಲಿಲ್ಲ. ಹೆಸರಿಟ್ಟರೆ ಕರುಳು ಹತ್ತುತ್ತದೆ. ಕಿವಿಯ ಬಿಲ್ಲೆಯ ನಂಬರಿನಿಂದಲೇ ಕರೆದಳು. ಹದಿನೇಳು. ಇಪ್ಪತ್ತೆರಡು. ಮೂವತ್ತೊಂದು. ನಂದಿನಿ, ಕಾಮಧೇನು, ಸುರಭಿ ಎಂದೆಲ್ಲ ಹೆಸರಿಟ್ಟವರು ಭಾನುವಾರ ಬಂದು ಹೋಗುವ ಜನ.

ಹೆಸರಿಡದಿದ್ದರೇನು, ಮೈಯೆಲ್ಲ ಅವಳಿಗೆ ಗೊತ್ತಿತ್ತು. ಅಡ್ಡ ಸಿಕ್ಕಿಕೊಂಡ ಕರುವಿಗಾಗಿ ಭುಜದವರೆಗೆ ಕೈ ಹಾಕುತ್ತಿದ್ದಳು. ಒಳಗಿನ ನೋವಿಗೆ ತಾಯಿ ಬಿಗಿದರೆ ಅವಳ ಮೊಳಕೈ ನೀಲಿಗಟ್ಟುತ್ತಿತ್ತು. ಗಂಡುಗರುಗಳ ಬೀಜ ಒಡೆಯುತ್ತಿದ್ದಳು. ಕೋಡು ಮೂಡುವ ಮೊದಲೇ ಸುಡುತ್ತಿದ್ದಳು. ಸುಟ್ಟ ಕೂದಲಿನ ವಾಸನೆ ವಾರಗಟ್ಟಲೆ ಮೂಗಿನಲ್ಲಿರುತ್ತಿತ್ತು. ಹುಲ್ಲಿನ ಶೆಡ್ಡಿನ ಪಕ್ಕದ ಹಳೆಯ ಟ್ರೈಲರು ಅವಳ ಮನೆ. ದನದ ನೀರಿನ ತೊಟ್ಟಿಯ ಪೈಪು ಅವಳ ಬಚ್ಚಲು.

ಹೋದ ಚಳಿಗಾಲದಲ್ಲಿ ನಿರುಪಮಾ ಬಂದು, ಟ್ರೈಲರಿನ ಜಾಲರಿ ಬಾಗಿಲಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೂಗಿಗೆ ಶಾಲು. ಕೈಯಲ್ಲಿ ಫೋನು.

"ನಿಂಗೆ ದನದ ಬಗ್ಗೆ ಗೊತ್ತಿರೋದೆಲ್ಲ ಹೇಳು ಬಂಗಾರೆವ್ವ. ರೆಕಾರ್ಡ್ ಮಾಡ್ಕೋತೀನಿ. ಸ್ವಲ್ಪ ನಿಧಾನವಾಗಿ ಹೇಳು, ನಿನ್ನ ಭಾಷೆ ಅರ್ಥ ಆಗಲ್ಲ."

ಬಂಗಾರೆವ್ವ ನಾಲ್ಕು ದಿನ ಹೇಳಿದಳು. ಮುಂಜಾನೆ ಎದ್ದು ಮೊದಲು ಸಗಣಿ ನೋಡ್ರಿ, ಆಮ್ಯಾಲ ಮುಖ ನೋಡ್ರಿ. ಮೂಗು ಒಣಗಿದ್ರ ಜ್ವರ. ಮೆಲುಕು ಹಾಕದ ದನ ರೋಗದ ದನ, ತಡಾ ಮಾಡಬ್ಯಾಡ್ರಿ. ಹುಟ್ಟಿದ ಕರುವಿಗೆ ಎರಡು ತಾಸಿನೊಳಗ ಗಿಣ್ಣದ ಹಾಲು ಇಳೀಬೇಕು, ಇಳೀಲಿಲ್ಲಂದ್ರ ಆ ಕರು ವರ್ಷಪೂರ್ತಿ ಸೊರಗತೈತಿ. ಮೇವು ಬದಲಿ ಮಾಡಬೇಕಂದ್ರ ಹತ್ತು ದಿನ ತಗೋರಿ, ದಿನಾ ಒಂದೀಟು. ಬೆನ್ನಿನ ಎಲುಬು ಕಂಡ್ರ ಮೇವು ಸಾಲವಲ್ದು, ಬಾಲದ ಬುಡದಾಗ ಕೊಬ್ಬು ಗಂಟುಗಟ್ಟಿದ್ರ ಹೆಚ್ಚಾಗೇತಿ, ಅದಕ ಹೆರಿಗಿ ತ್ರಾಸ ಆಗತೈತಿ. ಎಲ್ಲಾದಕ್ಕಿಂತ ನೀರು ಸ್ವಚ್ಛ ಇರಲಿ.

ಕೊನೆಯ ದಿನ ಹೇಳಿದ್ದು ಇದು: "ಅನ್ನ, ಹಿಟ್ಟು, ಬೆಲ್ಲ ಒಮ್ಮೇಕ ಹಾಕಬ್ಯಾಡ್ರಿ. ತಿಂದು ಉಬ್ಬರಿಸಿದ್ರ ಬಾಯಿಗೆ ಅಡ್ಡ ಕೋಲು ಕಟ್ಟಿ, ಎಣ್ಣಿ ಕುಡಸಿ, ಏರಿಗೆ ಮುಖಾ ಮಾಡಿ ನಿಂದರಸ್ರಿ. ಬಗ್ಗಲಿಲ್ಲಂದ್ರ ಎಡಗಡಿ, ಕಡೀ ಪಕ್ಕೆಲುಬಿನ ಹಿಂದ ನಾಕು ಬೆರಳು ಬಿಟ್ಟು ಚೂರಿ ಹಾಕ್ರಿ. ಗಾಳಿ ಹೋಗಾಕ ಕೊಳವಿ ಇಡ್ರಿ. ಅಂಜಬ್ಯಾಡ್ರಿ. ಅಂಜಿದ್ರ ದನ ಹೋಗತೈತಿ."

"ಇದೆಲ್ಲ ಯಾರು ಹೇಳ್ಕೊಟ್ರು ನಿಂಗೆ?"

"ನಮ್ಮಪ್ಪ. ಸತ್ತ ದನ ಕೊಯ್ದು ಕೊಯ್ದು ಆಂವಗ ಒಳಗ ಏನೇನು ಎಲ್ಲೆಲ್ಲಿ ಐತಿ ಗೊತ್ತಿತ್ರಿ. ಗೌಡರ ಹಟ್ಟಿಯಾಗ ದನ ಉಬ್ಬಿದ್ರ ಆಂವನ್ನ ಕರೀತಿದ್ರು. ಬ್ಯಾರೆ ದಿನ ಆ ಹಟ್ಟಿಯ ಹೊಸ್ತಿಲಾ ತುಳಿಸಿಗೊಡ್ತಿರಲಿಲ್ಲ."

ನಿರುಪಮಾ ರೆಕಾರ್ಡಿಂಗು ನಿಲ್ಲಿಸಿದಳು.

ಯುಗಾದಿಗೆ ಪುಸ್ತಕ ಬಂತು. ನುಣುಪು ಹಾಳೆ. ಮುಖಪುಟದಲ್ಲಿ ಜಗನ್ನಾಥ, ಕರುವಿನ ಕೊರಳಿಗೆ ಕೈ ಹಾಕಿ ನಿಂತಿದ್ದ. 'ನಮ್ಮ ಪೂರ್ವಿಕರ ಗೋವಿಜ್ಞಾನ' ಎಂದು ಹೆಸರು. ಅವನ ಮಗಳು ಮಾನ್ಯಾ, ಹದಿನಾರರ ಹುಡುಗಿ, ಅದನ್ನು ಬಂಗಾರೆವ್ವನಿಗೆ ತೋರಿಸಿದಳು. ಮಾನ್ಯಾಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಇಂಗ್ಲಿಷೇ.

"ಇದು ಎಲ್ಲಾ ನಿಂದೇ ಬಂಗಾರಾಂಟಿ. ಎವ್ರಿ ವರ್ಡ್."

"ಅನ್ನದ ಮಾತು ಐತೇನವ್ವಾ? ಚೂರಿದು?"

ಹುಡುಗಿ ಹಾಳೆ ತಿರುವಿದಳು. ಮತ್ತೆ ತಿರುವಿದಳು. "ನೋ. ಅಪ್ಪ ಟುಕ್ ಇಟ್ ಔಟ್. ಜನ ಬೇಜಾರ್ ಆಗ್ತಾರಂತೆ."

ಭಾನುವಾರ ಬೆಳಗ್ಗೆ ಹತ್ತಕ್ಕೆ ಕಾರುಗಳು ಗುಡ್ಡ ಹತ್ತಿದವು. ರೇಷ್ಮೆ ಪಂಚೆ, ರೇಷ್ಮೆ ಸೀರೆ, ಮೇಲೆ ಉಬ್ಬಿದ ಜಾಕೀಟು. ಭಜನೆ ನಡೆಸಲು ಅನಂತಪದ್ಮನಾಭ ಬಂದಿದ್ದ. ಐವತ್ತು ದಾಟಿದ ಎಂಜಿನಿಯರು, ದಪ್ಪ ಕಂಠ. ಅವನ ಹಿಂದೆ ಹಾರ್ಮೋನಿಯಂ ಹೊತ್ತುಕೊಂಡು ನಾಗರಾಜು, ಜಿಮ್ಮಿನಲ್ಲಿ ಮೈ ಬೆಳೆಸಿದ ಹುಡುಗ.

"ನೀನು ಸ್ವಲ್ಪ ಹಿಂದೆ ಇರು ಬಂಗಾರೆವ್ವ," ಎಂದಳು ನಿರುಪಮಾ. "ಫೋಟೋದಲ್ಲಿ ಸಲಿಕೆ, ಸಗಣಿ ಬುಟ್ಟಿ ಎಲ್ಲ ಬರತ್ತೆ."

ಹಿಂದೆ ನಿಂತಳು. ಟ್ರೈಲರಿನ ಗೋಡೆಗೆ ಬೆನ್ನು ಕೊಟ್ಟು ನೋಡಿದಳು. ಐದು ದನದ ಹಣೆಗೆ ಅರಿಶಿನ, ಕುಂಕುಮ. ಕೊರಳಿಗೆ ಚೆಂಡುಹೂವು. ನಿನ್ನೆಯಿಂದ ಖಾಲಿ ಇದ್ದ ಐದು ಹೊಟ್ಟೆ. ಸಿಹಿ ಪೊಂಗಲಿನ ಹಂಡೆ ಬಂತು. ಅಕ್ಕಿಹಿಟ್ಟು ಬೆಲ್ಲ ಕಲಸಿದ ಮುದ್ದೆ ಬಂತು. ಬಾಳೆಹಣ್ಣಿನ ಡಬ್ಬಗಳು ಬಂದವು. ಸಾಲಿನಲ್ಲಿ ನಿಂತು ತಿನ್ನಿಸಿದರು. ಮಕ್ಕಳಿಂದ ತಿನ್ನಿಸಿದರು. ಊರಿನಲ್ಲಿದ್ದ ತಂದೆತಾಯಿಗಳಿಗೆ ಫೋನಿನಲ್ಲಿ ತೋರಿಸುತ್ತ ತಿನ್ನಿಸಿದರು. ದನಗಳು ನಾಲಿಗೆ ಚಾಚಿ ಚಾಚಿ ನುಂಗಿದವು.

"ಎಷ್ಟು ಹಸಿದಿತ್ತು ನೋಡ್ರೀ ಪಾಪ!" ಎಂದಳೊಬ್ಬ ಹೆಂಗಸು, ಕಣ್ಣಲ್ಲಿ ನೀರು ತುಂಬಿಕೊಂಡು.

ಬಂಗಾರೆವ್ವ ತಡೆಯಲಾರದೆ ಬೇಲಿಯ ಹತ್ತಿರ ಓಡಿದಳು. "ಸಾಕ್ರವ್ವಾ! ನಿಮ್ಮ ಕಾಲಿಗೆ ಬೀಳ್ತೀನಿ, ಸಾಕು ಮಾಡ್ರಿ!"

ಜಗನ್ನಾಥ ಅವಳ ರಟ್ಟೆ ಹಿಡಿದು ಟ್ರೈಲರಿನ ಹಿಂದಕ್ಕೆ ಎಳೆದ. ನಗುಮುಖ ಹಾಗೇ ಇತ್ತು. ಹಲ್ಲು ಕಚ್ಚಿ ಅಂದ, "ಇನ್ನೊಂದು ಮಾತಾಡಿದ್ರೆ ನಿನ್ನ ಪಾಸ್‌ಪೋರ್ಟ್ ಬೆಂಕಿಗೆ ಹಾಕ್ತೀನಿ."

ಮಧ್ಯಾಹ್ನ ಎರಡು. ಶಾಮಿಯಾನದೊಳಗೆ ಊಟ ನಡೆದಿತ್ತು. ಹದಿನೇಳರ ಮೈ ಮೊದಲು ಕೆಟ್ಟಿತು. ಹಿಂಗಾಲಿನಿಂದ ತನ್ನ ಹೊಟ್ಟೆಗೇ ತಾನು ಒದ್ದುಕೊಂಡಿತು. ಎಡ ಪಕ್ಕೆ ಬೆನ್ನೆಲುಬಿಗಿಂತ ಮೇಲೆ ಎದ್ದಿತು. ಕತ್ತು ಚಾಚಿತು. ನಾಲಿಗೆ ಹೊರಬಿತ್ತು. ಜೊಲ್ಲು ಹಗ್ಗದ ಹಾಗೆ ನೆಲಕ್ಕೆ ಇಳಿಯಿತು.

ಬಂಗಾರೆವ್ವ ಬೇಲಿ ಹಾರಿದಳು. ಹದಿನೇಳರ ಬಾಯಿಗೆ ಕೋಲು ಕಟ್ಟಿದಳು. ಮುಖವನ್ನು ಏರಿನ ಕಡೆ ತಿರುಗಿಸಿದಳು. ಎಣ್ಣೆ ಬೇಕು. ಶಾಮಿಯಾನಕ್ಕೆ ಓಡಿದಳು. ಬಡಿಸುವ ಮೇಜಿನ ಕೆಳಗೆ ಎಣ್ಣೆಯ ಕ್ಯಾನು ಕಂಡಿತು. ಕೈ ಚಾಚಿದಳು.

"ಏಯ್! ಅಲ್ಲೇ ನಿಲ್ಲು!" ನಾಗರಾಜು ಸೌಟು ಎತ್ತಿದ. "ಕೈ ನೋಡ್ಕೋ. ಸಗಣಿ ಕೈಲಿ ಅಡುಗೆ ಮುಟ್ತೀಯಾ?"

"ಎಣ್ಣಿ ಕೊಡ್ರಿ! ದನ ಸಾಯಾಕತ್ತಾವ!"

"ಊಟ ಮುಗೀಲಿ, ಕೊಡ್ತೀವಿ. ಈಗ ಹೊರಗೆ ನಡಿ."

ಯಾರೋ ನಕ್ಕರು. ಯಾರೋ ಅವಳು ನಿಂತಿದ್ದ ಜಾಗಕ್ಕೆ ನೀರು ಚಿಮುಕಿಸಿದರು. ಬಂಗಾರೆವ್ವ ನಿಲ್ಲಲಿಲ್ಲ. ತಿರುಗಿ ಓಡಿದಳು.

ಹದಿನೇಳು ಮುಂಗಾಲು ಮಡಿಸಿ ಮೊಣಕಾಲೂರಿತ್ತು. ಕಣ್ಣುಗುಡ್ಡೆ ಹೊರಗೆ ಬಂದಿತ್ತು. ಉಸಿರು ಒಳಗೆ ಹೋಗುತ್ತಿರಲಿಲ್ಲ. ಉಳಿದ ನಾಲ್ಕೂ ಉಬ್ಬುತ್ತಿದ್ದವು. ಹೊಟ್ಟೆಗೆ ಚುಚ್ಚುವ ಸರಿಯಾದ ಸಾಮಾನು ತರಿಸಿ ಎಂದು ವರ್ಷದಿಂದ ಕೇಳಿದ್ದಳು. ಜಗನ್ನಾಥ ತರಿಸಿರಲಿಲ್ಲ. ಅವಳ ಬಳಿ ಇದ್ದದ್ದು ಹುಲ್ಲಿನ ಪೆಂಡಿಯ ಹುರಿ ಕೊಯ್ಯುವ ಚೂರಿ. ನೀರಿನ ಪೈಪಿನಿಂದ ಗೇಣುದ್ದದ ತುಂಡುಗಳನ್ನು ಕೊಯ್ದುಕೊಂಡಳು. ಎಡಗೈ ಬೆರಳಿಟ್ಟು ಜಾಗ ಅಳೆದಳು. ಬಲಗೈಯಿಂದ ಚೂರಿ ಇಳಿಸಿದಳು.

ತೊಗಲು ಹರಿದ ಸದ್ದು ಬಂತು. ಮೊದಲು ಕಪ್ಪು ರಕ್ತ. ಆಮೇಲೆ ಕುಕ್ಕರಿನ ಸೀಟಿಯ ಹಾಗೆ ಗಾಳಿ. ಹುಳಿತ ಅನ್ನದ, ಬೆಲ್ಲದ ನಾತ. ತೂತಿಗೆ ಪೈಪು ತುರುಕಿದಳು. ನೊರೆ ಅವಳ ಮುಖಕ್ಕೆ ಎರಚಿತು. ಉಬ್ಬು ಇಳಿಯಿತು. ಹದಿನೇಳು ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಂಡಿತು.

ಆಗಲೇ ಆ ಕಿರುಚು ಕೇಳಿದ್ದು.

"ಅಯ್ಯೋ! ಹಸುಗೆ ಚಾಕು ಹಾಕ್ತಿದಾಳೆ! ಗೋಮಾತೆಗೆ ಚಾಕು ಹಾಕ್ತಿದಾಳೆ!"

ಊಟದ ಎಲೆ ಬಿಟ್ಟು ಎದ್ದು ಬಂದರು. ಅನಂತಪದ್ಮನಾಭ ಎಲ್ಲರಿಗಿಂತ ಮುಂದಿದ್ದ. ಕೈ ತೊಳೆದಿರಲಿಲ್ಲ. ಅದೇ ಕೈಯಿಂದ ಅವಳ ತುರುಬು ಹಿಡಿದು ನೆಲಕ್ಕೆ ಕೆಡವಿದ.

"ಹಬ್ಬದ ದಿನ! ಪೂಜೆ ಮಾಡಿದ ಹಸು! ಇವರ ಬುದ್ಧಿನೇ ಇಷ್ಟು ಕಣ್ರೀ. ಎಲ್ಲಿಗೆ ಕರ್ಕೊಂಡು ಬಂದ್ರೂ ಕೊಯ್ಯೋದೇ ಬುದ್ಧಿ!"

"ಉಳಸಾಕ ರೀ! ಗಾಳಿ ತಗಿಯಾಕ! ಉಳದವೂ ಸಾಯ್ತಾವ, ಬಿಡ್ರಿ ನನ್ನ!"

ಹೊಟ್ಟೆಗೆ ಒದೆ ಬಿತ್ತು. ಅನಂತಪದ್ಮನಾಭನ ಬೂಟು. ಮತ್ತೊಂದು ಬಿತ್ತು. ಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಬಾಯಿಗೆ ಮಣ್ಣು, ಸಗಣಿ, ತನ್ನದೇ ರಕ್ತ. ಚೂರಿಯನ್ನು ಬಿಡಲಿಲ್ಲ. ಬಿಟ್ಟರೆ ನಾಲ್ಕು ದನ ಹೋಗುತ್ತವೆ ಎಂಬುದೊಂದೇ ತಲೆಯಲ್ಲಿತ್ತು. ತೆವಳಿದಳು. ಇಪ್ಪತ್ತೆರಡರ ಕಡೆಗೆ ತೆವಳಿದಳು. ನಾಗರಾಜು ಬೇಲಿಯ ಕಬ್ಬಿಣದ ಗೂಟ ಕಿತ್ತು ತಂದ. ಚೂರಿ ಹಿಡಿದ ಕೈಯ ಮೇಲೆ ಒಂದು ಬಿಟ್ಟ. ಇನ್ನೊಂದು ಬಿಟ್ಟ. ಮಣಿಕಟ್ಟಿನ ಎಲುಬು ಮುರಿದದ್ದು ಅವಳಿಗೆ ಮೊದಲು ಕೇಳಿಸಿತು, ಆಮೇಲೆ ನೋವಾಯಿತು.

ಸುತ್ತ ಫೋನುಗಳು ಮೇಲೆದ್ದಿದ್ದವು. ಜಗನ್ನಾಥ ಬೇಲಿಯಾಚೆ ನಿಂತಿದ್ದ. ನೋಡುತ್ತ ನಿಂತಿದ್ದ. ಒಂದು ಮಾತು, 'ಅವಳು ಸರಿ ಮಾಡ್ತಿದಾಳೆ' ಅನ್ನುವ ಒಂದು ಮಾತು ಅವನಿಗೆ ಗೊತ್ತಿತ್ತು. ನಾಲ್ಕು ದಿನದ ರೆಕಾರ್ಡಿಂಗಿನಲ್ಲಿ ಕೇಳಿದ್ದ, ಪುಸ್ತಕದಿಂದ ತನ್ನ ಕೈಯಾರೆ ಅಳಿಸಿದ್ದ. ಬಾಯಿ ಬಿಡಲಿಲ್ಲ.

ಇಪ್ಪತ್ತೆರಡು ಬಿತ್ತು. ನಾಲ್ಕು ಕಾಲೂ ಕೋಲಿನ ಹಾಗೆ ಸೆಟೆದವು. ಕೊರಳ ಚೆಂಡುಹೂವಿನ ಮೇಲೆ ನಾಲಿಗೆ ಜೋತಾಡಿ ನಿಂತಿತು. ಆಚೆ ದೊಡ್ಡಿಯಲ್ಲಿ ಅದರ ತಿಂಗಳ ಕರು ಕೂಗುತ್ತಲೇ ಇತ್ತು.

ಆಗ ಮಾನ್ಯಾ ಜನರ ನಡುವೆ ನುಗ್ಗಿ ಬಂದಳು. ಕೈಯಲ್ಲಿ ಫೋನು. ದನದ ಡಾಕ್ಟರನ್ನು ಹಿಡಿದಿದ್ದಳು. "ಸ್ಟಾಪ್! ಎಲ್ರೂ ಕೇಳಿ!" ಎಂದು ಚೀರಿ ಸ್ಪೀಕರು ಹಾಕಿದಳು.

ಗಂಡಸಿನ ದನಿ. ಅಮೆರಿಕದವನ ಇಂಗ್ಲಿಷು. ಏನು ತಿಂದಿವೆ ಎಂದು ಕೇಳಿತು. ಮಾನ್ಯಾ ಹೇಳಿದಳು, ಒಂದಕ್ಕೆ ಆಗಲೇ ಚೂರಿ ಹಾಕಿದ್ದನ್ನೂ ಹೇಳಿದಳು. ಆಚೆಯಿಂದ ಒಂದು ಕೆಟ್ಟ ಬೈಗುಳ ಬಂತು. ಆಮೇಲೆ ಆ ದನಿ ನಿಧಾನವಾಗಿ, ಸ್ಪಷ್ಟವಾಗಿ ಹೇಳಿತು: ನಾನು ಬರಲು ಒಂದೂವರೆ ತಾಸು ಬೇಕು, ಅಷ್ಟರಲ್ಲಿ ಒಂದೂ ಉಳಿಯುವುದಿಲ್ಲ. ಎಡಪಕ್ಕೆ, ಕೊನೆಯ ಪಕ್ಕೆಲುಬಿನ ಹಿಂದೆ. ಚಾಕು ಹಾಕಿ, ಪೈಪು ಇಡಿ. ಈಗಲೇ. ಮೊದಲನೆಯದಕ್ಕೆ ಚಾಕು ಹಾಕಿದವರು ಯಾರೋ, ಆ ಹಸುವನ್ನು ಉಳಿಸಿದ್ದು ಅವರು.

ಬಂಗಾರೆವ್ವನ ಬಾಯಿಂದ ಬಂದಾಗ ಪಾಪವಾಗಿದ್ದ ಮಾತು ಇಂಗ್ಲಿಷಿನಲ್ಲಿ ಬಂದಾಗ ವೈದ್ಯವಾಯಿತು. ನಾಗರಾಜು ಗೂಟವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ.

ಈಗ ಜಗನ್ನಾಥ ಬೇಲಿಯೊಳಕ್ಕೆ ಬಂದ. "ಬಂಗಾರೆವ್ವ, ಏಳು. ಡಾಕ್ಟರೇ ಹೇಳ್ತಿದಾರಲ್ಲ. ಬೇಗ ಮಾಡು."

ಅವಳು ಎದ್ದು ಕೂತಳು. ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದಳು. ಮಣಿಕಟ್ಟಿನಿಂದ ಮುಂದಿನ ಕೈ ಸತ್ತ ಹಾವಿನಂತೆ ಜೋತಿತ್ತು.

"ಯಾತರಲೇ ಮಾಡ್ಲಿ? ಇದರಲೇ ಏನ್ರಿ?"

"ಮತ್ತೆ... ಮತ್ತೆ ಯಾರು?"

"ನೀವ."

"ನನಗೆ ಬರಲ್ಲ."

"ಪುಸ್ತಕ ಬರ್ದೀರಲ್ರೀ?"

ಎಡಗೈ ಊರಿ ಎದ್ದು ನಿಂತಳು. ಪಕ್ಕೆ ಹಿಡಿದುಕೊಂಡಿತು. ಬಾಯಿಯ ರಕ್ತವನ್ನು ಉಗಿದಳು, ಅವನ ಪಾದದ ಹತ್ತಿರವೇ ಉಗಿದಳು. ಮೂವತ್ತೊಂದು ಬಾಗುತ್ತಿತ್ತು. ಚೂರಿಯನ್ನು ಕಾಲಿನಿಂದ ಅವನತ್ತ ತಳ್ಳಿದಳು.

"ಹಿಡೀರಿ."

ಜಗನ್ನಾಥ ಹಿಡಿದ. ಅವಳು ಎಡಗೈಯ ನಾಲ್ಕು ಬೆರಳನ್ನು ಮೂವತ್ತೊಂದರ ಪಕ್ಕೆಗಿಟ್ಟಳು. "ಇಲ್ಲಿ. ಒತ್ರಿ."

ಅವನು ಕಣ್ಣು ಮುಚ್ಚಿದ.

"ಕಣ್ಣು ತಗೀರಿ! ತಾಯಿ ಅಂತೀರಿ, ಕಣ್ಣು ತಗದು ನೋಡ್ರಿ!" ಅವಳು ಅವನ ಮಣಿಕಟ್ಟನ್ನು ಹಿಡಿದಳು. ಮೂರು ವರ್ಷ ಅವನ ತಾಯಿಯನ್ನು ಎತ್ತಿದ ಕೈ, ಮೂರು ವರ್ಷ ದನ ಎಳೆದ ಕೈ. ಮೈಭಾರವನ್ನೆಲ್ಲ ಹಾಕಿ ತಳ್ಳಿದಳು. ಚೂರಿ ಹಿಡಿಯವರೆಗೆ ಹೋಯಿತು. ನೊರೆ ಚಿಮ್ಮಿ ಅವನ ಗಡ್ಡ, ರೇಷ್ಮೆ ಅಂಗಿ, ಪಂಚೆಯನ್ನೆಲ್ಲ ತೋಯಿಸಿತು. ಪೈಪು ತುರುಕಿಸಿದಳು. ಮೂವತ್ತೊಂದು ಕೆಮ್ಮಿತು. ಉಸಿರಾಡಿತು.

ಅವನು ಅಲ್ಲೇ ಕುಕ್ಕರಿಸಿ ವಾಂತಿ ಮಾಡಿಕೊಂಡ.

"ಭಜನೀ ಸಾಹೇಬ್ರ, ನೀವು ಬರ್ರಿ," ಎಂದಳು ಬಂಗಾರೆವ್ವ.

ಅನಂತಪದ್ಮನಾಭ ಜನರ ಹಿಂದಕ್ಕೆ ಸರಿಯುತ್ತಿದ್ದ. ಅವನ ಹೆಂಡತಿಯೇ ತಳ್ಳಿದಳು, "ಹೋಗ್ರೀ! ಸಾಯ್ತಿದೆಯಲ್ರೀ ಅದು!" ಎಂದು. ಬಂದ. ನಲವತ್ತನೆಯ ನಂಬರಿಗೆ ಅವನು ಚೂರಿ ಹಾಕಿದ. ಮೊದಲ ಸಲ ತಪ್ಪಿತು, ಮಾಂಸ ಸೀಳಿತು. ದನ ಅರಚಿತು. "ಇನ್ನೊಂದೀಟು ಮ್ಯಾಲ! ಒದಿಯಾಗ ಇದ್ದ ಕಸುವು ಎಲ್ಲಿ ಹೋತು?" ಎರಡನೆಯ ಸಲ ಸರಿ ಬಿತ್ತು.

ಉಳಿದದ್ದು ಎಂಟನೆಯ ನಂಬರು. ಅದಕ್ಕೆ ನಾಗರಾಜುವನ್ನು ಕರೆದಳು. ಅವನು ಬಂದ, ಚೂರಿ ತೆಗೆದುಕೊಂಡ, ನಿಂತ. ದನದ ಕಣ್ಣು ಅವನ ಕಣ್ಣಿಗೆ ಬಿತ್ತು. ಹೆಂಗಸಿನ ಕೈಗೆ ಎರಡು ಸಲ ಕಬ್ಬಿಣ ಬೀಸಿದ ಗಂಡು ಅಳತೊಡಗಿದ. ಚೂರಿ ಜಾರಿ ಸಗಣಿಯಲ್ಲಿ ಬಿತ್ತು. ಬಂಗಾರೆವ್ವ ಬಾಗಿ ಎಡಗೈಯಲ್ಲಿ ತಡಕಾಡಿ ಎತ್ತಿಕೊಳ್ಳುವಷ್ಟರಲ್ಲಿ ಎಂಟು ಅವಳ ಮೈಮೇಲೆಯೇ ವಾಲಿತು. ಸರಿದುಕೊಂಡಳು. ಅದು ನೆಲಕ್ಕೆ ಬಿದ್ದು ನಾಲ್ಕು ಸಲ ಕಾಲು ಝಾಡಿಸಿ ಸುಮ್ಮನಾಯಿತು.

ಮೂರು ಉಳಿದವು. ಎರಡು ಹೋದವು.

ಕೆಳಗೆ ರಸ್ತೆಯ ತಿರುವಿನಲ್ಲಿ ಷೆರೀಫ್ ಪೊಲೀಸರ ಕಾರು ಕಂಡಿತು. ಹೆಂಗಸೊಬ್ಬಳು ಹಸುಗಳನ್ನು ಇರಿಯುತ್ತಿದ್ದಾಳೆ ಎಂದು ಆಗಲೇ ಯಾರೋ ಫೋನು ಮಾಡಿದ್ದರು. ಜನ ಚದುರಿದರು. ಮಕ್ಕಳನ್ನು ಎಳೆದುಕೊಂಡು ಕಾರುಗಳತ್ತ ಓಡಿದರು. ಜಗನ್ನಾಥ ಮುಖ ಒರೆಸಿಕೊಂಡು, ಸತ್ತ ದನದ ಹತ್ತಿರ ಕುಸಿದು ಕೂತಿದ್ದ ಬಂಗಾರೆವ್ವನ ಪಕ್ಕ ಬಂದು ಕೂತ. ಆರು ವರ್ಷದಲ್ಲಿ ಮೊದಲ ಸಲ ಅವಳ ಪಕ್ಕ, ನೆಲದ ಮೇಲೆ ಕೂತ.

"ನೋಡು ಬಂಗಾರೆವ್ವ, ಆಗಿದ್ದು ಆಗೋಯ್ತು. ನಾಗರಾಜುದು ಗ್ರೀನ್ ಕಾರ್ಡ್ ಇನ್ನೂ ಆಗಿಲ್ಲ. ಅನಂತು ಅವರಿಗೆ ಹಾರ್ಟ್ ಪ್ರಾಬ್ಲಮ್. ಒಂದು ಕೇಸ್ ಆದ್ರೆ ಎಲ್ಲರ ಲೈಫೂ ಹೋಗತ್ತೆ. ಹಸು ಒದೀತು ಅಂತ ಹೇಳು. ಅಷ್ಟೇ. ಹೊಟ್ಟೆನೋವಲ್ಲಿ ಒದೀತು, ಕೈ ಮುರೀತು. ಯಾರಾದ್ರೂ ನಂಬ್ತಾರೆ. ಪಾಸ್‌ಪೋರ್ಟು ಇವತ್ತೇ ಕೊಡ್ತೀನಿ. ನಾಳೆ ಫ್ಲೈಟು. ನಿನ್ನ ಆಸ್ಪತ್ರೆ ಖರ್ಚು ಎಲ್ಲ ನಂದು."

"ಯಾವ ದನ?" ಎಂದಳು ಬಂಗಾರೆವ್ವ.

"ಯಾವುದೋ ಒಂದು. ಸತ್ತಿದೆಯಲ್ಲ, ಅದನ್ನೇ ಹೇಳು."

ಅವಳು ಅವನ ಮುಖವನ್ನೇ ನೋಡಿದಳು.

ಷೆರೀಫ್ ಕಡೆಯ ಹೆಂಗಸು ಬೇಲಿ ದಾಟಿ ಬಂದಳು. ಎತ್ತರದ ಆಳು. ಸತ್ತ ದನಗಳನ್ನು, ಪೈಪು ತೂಗಿಸಿಕೊಂಡು ನಿಂತ ದನಗಳನ್ನು ನೋಡಿದಳು. ಆಮೇಲೆ ಬಂಗಾರೆವ್ವನ ಕೈ ನೋಡಿದಳು. ಮಂಡಿಯೂರಿ ಕೂತು ಏನೋ ಕೇಳಿದಳು. ಜಗನ್ನಾಥ ತಟ್ಟನೆ ಎದ್ದು ನಿಂತು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅದರಲ್ಲಿ 'ಕೌ' ಎಂಬುದೂ 'ಕಿಕ್' ಎಂಬುದೂ ಬಂಗಾರೆವ್ವನಿಗೆ ತಿಳಿಯಿತು. ದನದ ಕೆಲಸದಲ್ಲಿ ಕಲಿತ ಮಾತುಗಳು ಅವು.

ಮಾನ್ಯಾ ಬಾಯಿ ತೆರೆದಳು. "ಮಾನ್ಯಾ, ನೀನು ಕಾರಿಗೆ ಹೋಗು," ಎಂದ ಜಗನ್ನಾಥ. ಹುಡುಗಿ ಕದಲಲಿಲ್ಲ.

ಬಂಗಾರೆವ್ವ ಎಡಗೈ ಎತ್ತಿ ಹುಡುಗಿಯನ್ನು ಸುಮ್ಮನಿರಿಸಿದಳು. ಇದನ್ನು ತಾನೇ ಹೇಳಬೇಕಿತ್ತು. ಎದ್ದು ನಿಂತಳು.

"ನೋ," ಎಂದಳು. "ಕೌ ನೋ ಕಿಕ್."

ಷೆರೀಫ್ ಹೆಂಗಸು ಜಗನ್ನಾಥನನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು.

"ಸಾವಿರ ಸಲ ಇವುಗಳ ಕಾಲ ಬುಡಕ ಕುಂತೀನಿ. ಕೈ ಹಾಕಿ ಕರು ಎಳದೀನಿ, ಕಾಸಿದ ಕಬ್ಬಿಣ ಇಟ್ಟೀನಿ. ನನ್ನ ಒಂದು ದಿನ ಒದ್ದಿಲ್ಲ ಇವು. ಸತ್ತದ್ದರ ತಲಿ ಮ್ಯಾಲ ನಾ ಸುಳ್ಳು ಹೇರೂದಿಲ್ಲ." ಇಷ್ಟನ್ನು ಕನ್ನಡದಲ್ಲಿ ಹೇಳಿದಳು. ಯಾರಿಗೆ ತಿಳಿಯಬೇಕಿತ್ತೋ ಅವರಿಗೆ ತಿಳಿಯಿತು.

ಆಮೇಲೆ ಎಡಗೈಯ ತೋರುಬೆರಳನ್ನು ಚಾಚಿದಳು. ಕಾರಿನ ಬಾಗಿಲು ತೆರೆಯುತ್ತಿದ್ದ ಅನಂತಪದ್ಮನಾಭನತ್ತ ಚಾಚಿದಳು.

"ಹಿ ಕಿಕ್."

ಬೇಲಿಗೆ ತಲೆ ಒರಗಿಸಿ ಅಳುತ್ತಿದ್ದ ನಾಗರಾಜುವಿನತ್ತ ತಿರುಗಿಸಿದಳು.

"ಹಿ ಬ್ರೇಕ್."

ಬೆರಳು ಮೆಲ್ಲಗೆ ಸುತ್ತಿ ಬಂದು ಪಕ್ಕದಲ್ಲೇ ನಿಂತಿದ್ದ ಜಗನ್ನಾಥನ ಎದೆಯ ಮೇಲೆ, ನೊರೆ ಒಣಗುತ್ತಿದ್ದ ರೇಷ್ಮೆಯ ಮೇಲೆ ನಿಂತಿತು. ಅವನು ಮಾಡಿದ್ದಕ್ಕೆ ಅವಳ ಬಳಿ ಇಂಗ್ಲಿಷ್ ಮಾತಿರಲಿಲ್ಲ. ಬೆರಳನ್ನು ಮಾತ್ರ ತೆಗೆಯಲಿಲ್ಲ.